ಸೆರೆ ಅಂಗಡಿಯಿಂದ ಸಾವಜಿ ಖಾನಾವಳಿಗೆ

ಧಾರವಾಡದ ಜಕಣಿ ಬಾವಿಯ ಹತ್ತಿರ ಹುತಾತ್ಮರ ಸ್ಮಾರಕವೊಂದಿದೆ. ಪೇಟೆಗೆ ಹೋಗುವವರು, ಸಾಲಿಗೆ ಹೋಗುವ ಹುಡುಗರು ದಿನಾ ಅದರ ಮುಂದೆಯೇ ಹಾಯುತ್ತಾರೆ. 1921ರ ಜುಲೈ 1ರಂದು ಪೊಲೀಸರ ಗುಂಡಿಗೆ ಬಲಿಯಾದ ಮೂವರ ನೆನಪಿಗೆ ಕಟ್ಟಿದ್ದು ಅದು. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಒಂದಾಗಿ ನಡೆಯುತ್ತಿದ್ದ ವರ್ಷ. ಸತ್ತ ಮೂವರೂ ಮುಸಲ್ಮಾನರು. ಆ ಸಂಜೆ ಜನ ಸೇರಿದ್ದು ಸರ್ಕಾರದ ಖಜಾನೆಯ ಎದುರಲ್ಲ, ಕಲೆಕ್ಟರರ ಕಚೇರಿಯ ಎದುರೂ ಅಲ್ಲ. ಒಂದು ಸೆರೆ ಅಂಗಡಿಯ ಎದುರು. ಕುಡಿಯಲು ಬರುವವರಿಗೆ ಕೈಮುಗಿದು, ಬೇಡಪ್ಪಾ ಮನೀಗೆ ಹೋಗು ಎಂದು ಹೇಳಲು ನಿಂತಿದ್ದ ಗುಂಪಿನ ಮೇಲೆ ಗೋಲಿಬಾರ್ ಆಯಿತು. ಅನೇಕರು ಗಾಯಗೊಂಡರು. ಗಾಂಧೀಜಿ ಧಾರವಾಡದ ಬಗ್ಗೆ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಅಬ್ಬಾಸ್ ತ್ಯಾಬ್ಜಿಯವರಂಥ ಹಿರಿಯರು ಕಾಂಗ್ರೆಸ್ಸಿನ ಪರವಾಗಿ ವಿಚಾರಣೆಗೆ ಬಂದರು.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಗೆಳೆಯರು ಕೂಡಿ ಉಂಡು ಕುಡಿಯುವ ಜಾಗ ಹೇಗೆ ಹುಟ್ಟಿತು ಎಂದು ಹುಡುಕುತ್ತ ಹೊರಟ ನನಗೆ ಮೊದಲು ಎದುರಾದದ್ದು ಈ ಗೋಲಿಬಾರ್. ಅದನ್ನು ದಾಟಿ ಮುಂದೆ ಹೋಗಲು ನನಗೆ ಆಗಲೇ ಇಲ್ಲ. ಕುಡಿತದ ಅಂಗಡಿಯ ಎದುರು ಮೂರು ಜೀವ ಹೋದ ಊರಿನಲ್ಲಿ ಕುಡಿಯುವ ಮನೆಗೆ ಮರ್ಯಾದೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಗೆಳೆಯರ ಕೂಟಕ್ಕೆ ಬಟ್ಟಲಿಗಿಂತ ಮೊದಲು ತಾಟು ಬಂದದ್ದರ ಕಾರಣ ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಈ ಹುಡುಕಾಟಕ್ಕೆ ಹಚ್ಚಿದವನು ಜಪಾನಿಗೆ ತರಬೇತಿಗೆಂದು ಹೋಗಿ ಬಂದ ಗೆಳೆಯ. ಜಪಾನಿನ ಹಿಟಾಚಿಯ ಪಾಲಿರುವ ಟಾಟಾ ಹಿಟಾಚಿ ಕಾರ್ಖಾನೆ ಧಾರವಾಡದಲ್ಲೇ ಇರುವುದರಿಂದ ಆ ದೇಶದ ಮಾತು ನಮ್ಮ ಕಡೆ ತೀರ ಅಪರೂಪವೇನಲ್ಲ. ಅವನು ಮಷೀನಿನ ಬಗ್ಗೆ ಹೇಳಿದ್ದು ಕಡಿಮೆ, ಅಲ್ಲಿಯ ಇಜಕಾಯಗಳ, ಅಂದರೆ ಕುಡಿದು ಉಣ್ಣುವ ಅಂಗಡಿಗಳ ಬಗ್ಗೆ ಹೇಳಿದ್ದೇ ಹೆಚ್ಚು. ಬಾಗಿಲ ಮುಂದೆ ಕೆಂಪು ಕಾಗದದ ಲಾಟೀನು, ಅರ್ಧಕ್ಕೆ ಇಳಿಬಿಟ್ಟ ಬಟ್ಟೆಯ ಪರದೆ. ಕೂತ ಕೂಡಲೇ ಕೈ ಒರೆಸಲು ಒದ್ದೆ ಅರಿವೆ, ಕೇಳದೆಯೇ ಬರುವ ಒಂದು ಸಣ್ಣ ಬಟ್ಟಲು ತಿನಿಸು. ಆಮೇಲೆ ಕೆಂಡದ ಮೇಲೆ ಸುಟ್ಟ ಕೋಳಿಯ ತುಂಡುಗಳು, ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, ಮೀನು, ತೋಫು ಒಂದೊಂದಾಗಿ ಬರುತ್ತವೆ. ಯಾವುದೂ ಒಬ್ಬನ ಪಾಲಿನದಲ್ಲ. ಎಲ್ಲ ನಡುವೆ ಇಡುತ್ತಾರೆ, ಎಲ್ಲರೂ ಕೈ ಹಾಕುತ್ತಾರೆ. ತನ್ನ ಬಟ್ಟಲನ್ನು ತಾನೇ ತುಂಬಿಕೊಳ್ಳುವುದು ಅಲ್ಲಿಯ ರೀತಿಯಲ್ಲ. ಪಕ್ಕದವನು ನಮಗೆ ಹಾಕಬೇಕು, ನಾವು ಅವನಿಗೆ. ಸಾಹೇಬರೂ ಕೈಕೆಳಗಿನವರೂ ಅಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿರುತ್ತಾರೆ. “ಥೇಟ್ ನಮ್ಮ ಸಾವಜಿ ಖಾನಾವಳಿ ನೋಡಪಾ, ಖಾರ ಒಂದಿಲ್ಲ ಅಷ್ಟ” ಎಂದ ಗೆಳೆಯ.

ನೋಟಕ್ಕೆ ಅವನ ಮಾತು ಖರೆ. ಆದರೆ ಎರಡೂ ಹುಟ್ಟಿದ ದಾರಿ ಒಂದಕ್ಕೊಂದು ತಿರುಗುಮುರುಗು.

ಇಂದಿನ ಟೋಕಿಯೊಗೆ ಹಿಂದೆ ಎಡೋ ಎಂದು ಹೆಸರು. ಅಲ್ಲಿ 1596ರಲ್ಲಿ ತೊಶಿಮಾಯಾ ಎಂಬ ಸಾಕೆಯ ಅಂಗಡಿ ಶುರುವಾಯಿತು. ಸಾಕೆ ಅಂದರೆ ಅಕ್ಕಿಯಿಂದ ಮಾಡಿದ ಮದ್ಯ. ಊರು ಆಗಷ್ಟೇ ಏಳುತ್ತಿತ್ತು. ಕೋಟೆ ಕಟ್ಟಲು, ಕಾಲುವೆ ಅಗೆಯಲು ಬಂದ ಕೂಲಿಗಳು, ಬಡಗಿಗಳು, ಹಮಾಲರು ಸುತ್ತ ನೆರೆದಿದ್ದರು. ಈ ಅಂಗಡಿಯವರು ಸಾಕೆಯನ್ನು ಅಗ್ಗಕ್ಕೆ ಮಾರಿ, ಖಾಲಿಯಾದ ಮರದ ಪೀಪಾಯಿಗಳನ್ನು ಮಾರಿ ಲಾಭ ಮಾಡಿಕೊಂಡರಂತೆ. ಜೊತೆಗೆ ಮಿಸೊ ಎಂಬ ಸೋಯಾ ಮುದ್ದೆ ಸವರಿ ಸುಟ್ಟ ತೋಫುವಿನ ದೊಡ್ಡ ದೊಡ್ಡ ತುಂಡುಗಳನ್ನು ಇಟ್ಟರು. ಕುಡಿಯಲು ಬಂದವನು ಅಲ್ಲೇ ಕೂತು ತಿಂದ. ಸೆರೆ ಅಂಗಡಿಗೆ ಒಲೆ ಬಂತು. 1811ರ ಗಣತಿಯ ಹೊತ್ತಿಗೆ ಎಡೋದಲ್ಲಿ ಇಂಥ ಕುಡಿದು ಉಣ್ಣುವ ಅಂಗಡಿಗಳು 1,808 ಇದ್ದವು. ಊರಿನಲ್ಲಿ ಹೆಂಗಸರಿಗಿಂತ ಗಂಡಸರೇ ಹೆಚ್ಚು, ಅವರಲ್ಲಿ ಒಂಟಿ ಗಂಡಸರು ಬಹಳ. ಮನೆಯಲ್ಲಿ ಅಡುಗೆ ಮಾಡುವವರಿಲ್ಲದವರಿಗೆ ಆ ಅಂಗಡಿಯೇ ಮನೆ.

ನಮ್ಮಲ್ಲಿ ಸೆರೆ ಅಂಗಡಿಗೆ ಒಲೆ ಬರಲಿಲ್ಲ. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಸೆರೆ ಎಂಬುದು ಸರ್ಕಾರದ ಬೊಕ್ಕಸದ ಬಾಬತ್ತಾಯಿತು. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಅಂಗಡಿ. ಕೂಗಿದ ಹಣ ವರ್ಷದೊಳಗೆ ಹುಟ್ಟಬೇಕಾದರೆ ಅವನು ಹೆಚ್ಚು ಕುಡಿಸಲೇಬೇಕು. ಒಂದು ಬಟ್ಟಲು ಹಿಡಿದು ಎರಡು ತಾಸು ಮಾತಾಡುತ್ತ ಕೂರುವ ಗೆಳೆಯರು ಅಂಥ ಅಂಗಡಿಗೆ ನಷ್ಟದ ಗಿರಾಕಿಗಳು. ಕೂಲಿಯವನ ಹರಕು ಬಟ್ಟಲಿನಿಂದ ಬ್ರಿಟಿಷ್ ಸರ್ಕಾರದ ಖಜಾನೆ ತುಂಬುತ್ತದೆ ಎಂಬ ಸಿಟ್ಟು 1921ರ ಜುಲೈನಲ್ಲಿ ಬೀದಿಗೆ ಬಂತು. ಆ ಸಿಟ್ಟು ನ್ಯಾಯವಾದದ್ದು. ಸಂಬಳದ ದಿನ ಗಂಡ ಮನೆಗೆ ಬರುವ ದಾರಿ ಕಾಯುತ್ತ ಕೂತ ಹೆಣ್ಣುಮಕ್ಕಳ ಕಣ್ಣೀರೂ ಅದರ ಹಿಂದೆ ಇತ್ತು.

ಅಲ್ಲಿಂದ ಮುಂದೆ ಈ ಸೀಮೆಯಲ್ಲಿ ಮರ್ಯಾದಸ್ಥರ ಗೆಳೆತನ ಚಹಾದ ಮೇಲೆ ಬೆಳೆಯಿತು. ಅದೇ ಕಾಲಕ್ಕೆ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅದರ ಅಟ್ಟ ಧಾರವಾಡದ ಸಾಹಿತಿಗಳ ಕೂಡುದಾಣವಾಯಿತು. ಅಟ್ಟದ ಮೇಲೆ ಕುರ್ತಕೋಟಿ, ರಾಮಾನುಜನ್, ಕಾರ್ನಾಡರು ಹೊತ್ತು ಮುಳುಗುವವರೆಗೆ ಮಾತಾಡಿದರು. ಗಿರ್ಮಿಟ್, ಮಿರ್ಚಿ, ಚಹಾ ಇದ್ದರೆ ನಮ್ಮಲ್ಲಿ ಎಷ್ಟು ದೊಡ್ಡ ಜಗಳವೂ ನಡೆಯುತ್ತದೆ, ಎಷ್ಟು ದೊಡ್ಡ ಕಾವ್ಯವೂ ಹುಟ್ಟುತ್ತದೆ. ಆ ಕಥೆಯನ್ನು ಬೇಕಾದಷ್ಟು ಮಂದಿ ಬರೆದಿದ್ದಾರೆ. ನಾನು ಹೇಳಬೇಕಾದ್ದು ಅಟ್ಟ ಏರದವರ ಕಥೆ.

1950ರ ಏಪ್ರಿಲ್ 6ರಂದು ಮುಂಬಯಿ ರಾಜ್ಯದಲ್ಲಿ ಸಂಪೂರ್ಣ ಪಾನನಿಷೇಧ ಬಂತು. ಆಗ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಪಾನನಿಷೇಧ ಮುಂದುವರಿಯಿತು. ಕ್ಯಾಸಲ್‌ರಾಕ್ ದಾಟಿದರೆ ಪೋರ್ಚುಗೀಸರ ಗೋವೆ, ಅಲ್ಲಿ ಅಂಗಡಿ ತೆರೆದೇ ಇತ್ತು. ಈಚೆ ಕಡೆ ಎಲ್ಲ ಬಂದ್. ನಿಜಲಿಂಗಪ್ಪನವರ ಸರ್ಕಾರ 1967ರಲ್ಲಿ ನಿಷೇಧ ತೆಗೆಯುವವರೆಗೆ, ಹದಿನೇಳು ವರ್ಷ, ಹುಬ್ಬಳ್ಳಿಯಲ್ಲಿ ಗೆಳೆಯರು ಕಾನೂನಿನ ಪ್ರಕಾರ ಕೂಡಿ ಕುಡಿಯುವ ಬೀದಿಯ ಅಂಗಡಿ ಇರಲಿಲ್ಲ.

ಹುಬ್ಬಳ್ಳಿ ಹುಬ್ಬಳ್ಳಿಯಾಗಿ ದೊಡ್ಡದಾದದ್ದೂ ಈ ವರ್ಷಗಳಲ್ಲೇ. 1880ರ ದಶಕದಲ್ಲಿ ಬಂದ ರೈಲು ವರ್ಕ್‌ಶಾಪು, ಅರಳೆ ಪೇಟೆ, ಗಿರಣಿ, ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ, ಜಿಲ್ಲೆಜಿಲ್ಲೆಯಿಂದ ಬಂದ ಗುಮಾಸ್ತರು, ಡ್ರೈವರುಗಳು, ಕಾಲೇಜು ಹುಡುಗರು. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆಯಾಯಿತು. ಎಡೋದಂತೆಯೇ ಇಲ್ಲೂ ಒಂಟಿ ಗಂಡಸರ ಊರೊಂದು ಊರಿನೊಳಗೆ ಬೆಳೆದಿತ್ತು. ಅವರಿಗೆ ಹೊಟ್ಟೆ ಇತ್ತು, ಸಂಜೆ ಇತ್ತು, ಕೂರಲು ಜಾಗ ಬೇಕಿತ್ತು. ಶಾಕಾಹಾರಿಗಳಿಗೆ ಲಿಂಗಾಯತ ಖಾನಾವಳಿಗಳಿದ್ದವು: ಜೋಳದ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಉಂಡವನು ಕೈ ತೊಳೆದು ಎದ್ದರೆ ಮುಂದಿನವನು ಕೂಡುವುದು ಅಲ್ಲಿಯ ಶಿಸ್ತು. ಮಾತಿಗೆ ಅಲ್ಲಿ ಹೊತ್ತಿಲ್ಲ.

ಮಾತಿಗೆ ಹೊತ್ತು ಕೊಟ್ಟದ್ದು ಸಾವಜಿಗಳ ಪಡಸಾಲೆ. ಇಲ್ಲಿಂದ ಮುಂದೆ ಇಸವಿಗಳಿಗಿಂತ ಮನೆಮಾತುಗಳೇ ನನಗೆ ಆಧಾರ.

ಸಾವಜಿಗಳು ಅಂದರೆ ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು. ಎಸ್‌ಎಸ್‌ಕೆ ಸಮಾಜ ಎಂದರೆ ಊರಿಗೆಲ್ಲ ಗೊತ್ತು. ಪಟ್ಟೇಗಾರರೆಂದೂ ಕರೆಯುತ್ತಾರೆ. ಪುರಾಣದ ಕಾರ್ತವೀರ್ಯಾರ್ಜುನ ಅವರ ಮೂಲಪುರುಷ, ನರ್ಮದೆಯ ದಂಡೆಯ ಮಾಹಿಷ್ಮತಿ ಅವರ ಮೂಲ ಊರು. ಪರಶುರಾಮನ ಕೊಡಲಿಗೆ ಹೆದರಿ ದೇವಿಯ ಮರೆಹೊಕ್ಕವರು ಶಸ್ತ್ರ ಬಿಟ್ಟು ಮಗ್ಗ ಹಿಡಿದರು ಎಂಬುದು ಅವರು ಹೇಳಿಕೊಂಡು ಬಂದ ಕಥೆ. ಮಗ್ಗದ ಹಿಂದೆಯೇ ದಕ್ಷಿಣಕ್ಕೆ ಇಳಿದು ಸೊಲ್ಲಾಪುರ, ಗುಳೇದಗುಡ್ಡ, ಗದಗ-ಬೆಟಗೇರಿ, ಹುಬ್ಬಳ್ಳಿಯಲ್ಲಿ ನೆಲೆಸಿದರು. ಹುಬ್ಬಳ್ಳಿಯ ದಾಜೀಬಾನ ಪೇಟೆಯ ತುಳಜಾಭವಾನಿ ಗುಡಿ ಅವರ ಸಮಾಜದ ನಡುಮನೆ. ಮನೆಯೊಳಗೆ ಗುಜರಾತಿ, ಮರಾಠಿ ಬೆರೆತ ತಮ್ಮದೇ ಮಾತು, ಅಂಗಳಕ್ಕೆ ಬಂದರೆ ಅಚ್ಚ ಹುಬ್ಬಳ್ಳಿ ಕನ್ನಡ.

ಗಿರಣಿ ಬಟ್ಟೆ ಬಂತು, ಆಮೇಲೆ ಪವರ್‌ಲೂಮ್ ಬಂತು. ಕೈಮಗ್ಗದ ಮನೆಗಳಲ್ಲಿ ಒಂದೊಂದಾಗಿ ಸದ್ದು ನಿಂತಿತು. ಗಂಡಸರು ಕೆಲಸ ಹುಡುಕುತ್ತ ಅಲೆಯುವಾಗ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಕಸಬು ಉಳಿದಿತ್ತು: ಹಬ್ಬಕ್ಕೆ, ಜಾತ್ರೆಗೆ, ದೇವಿಯ ಹರಕೆಗೆ ಮಾಡುತ್ತಿದ್ದ ಮಾಂಸದಡುಗೆ. ಅದೇ ಅಡುಗೆಯನ್ನು ಎರಡು ಪಾತ್ರೆ ಹೆಚ್ಚಿಗೆ ಮಾಡಿ, ಮಗ್ಗ ಎತ್ತಿಟ್ಟ ಪಡಸಾಲೆಯಲ್ಲಿ ಚಾಪೆ ಹಾಸಿ ಹೊರಗಿನವರಿಗೆ ಬಡಿಸತೊಡಗಿದರು. ಬೋರ್ಡು ಇಲ್ಲ, ದರಪಟ್ಟಿ ಇಲ್ಲ. ಗೊತ್ತಿದ್ದವರು ಗೊತ್ತಿದ್ದವರನ್ನು ಕರೆತರುತ್ತಿದ್ದರು. “ಅಕ್ಕಾರ, ಇವತ್ತ ನಾಕ ಮಂದಿ ಅದೇವ್ರಿ” ಎಂದು ಬಾಗಿಲಲ್ಲೇ ಕೂಗಿದರೆ ಒಳಗಿನಿಂದ “ಕೂಡ್ರಿ, ರೊಟ್ಟಿ ಬಡ್ಯಾಕ ಹತ್ತೇನಿ” ಎಂಬ ಉತ್ತರ.

ಆ ತಾಟಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಕೆಂಪು ರಸ್ಸಾ ಮೊದಲು. ಬಣ್ಣಕ್ಕೆ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ, ಹಾಗಾಗಿ ಖಾರಕ್ಕೆ ಬೇರೆ ಕಾಯಿ ಸೇರಿಸುತ್ತಾರೆ. ಒಣಕೊಬ್ಬರಿ, ಗಸಗಸಿ, ಲವಂಗ, ಚಕ್ಕಿ, ಕಲ್ಲುಹೂವು ಹುರಿದು ಒರಳಲ್ಲಿ ರುಬ್ಬಿದ ಮಸಾಲೆ. ರಸ್ಸಾ ತೆಳ್ಳಗಿರಬೇಕು, ಮೇಲೆ ಎಣ್ಣೆ ತೇಲಬೇಕು, ರೊಟ್ಟಿ ಮುರಿದು ಅದ್ದಿದರೆ ರೊಟ್ಟಿಯ ಒಳಗೆ ಇಳಿಯಬೇಕು. ಖೈಮಾ ಉಂಡಿಗೆ ಮಾಂಸವನ್ನು ಸಣ್ಣಗೆ ಕೊಚ್ಚಿ, ಪುಠಾಣಿ ಹಿಟ್ಟು ಕಲಸಿ ಉಂಡಿ ಕಟ್ಟುತ್ತಾರೆ. ಇನ್ನು ಬೋಟಿ, ತಲೆಮಾಂಸ, ಕಾಲು, ಚಾಕಣಾ. ಸಾಹುಕಾರರ ಮನೆಗೆ ಹೋಗದ ಈ ಭಾಗಗಳು ಕಟುಕರ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದವು. ಬಡ ನೇಕಾರರ ಅಡುಗೆಮನೆ ಅವುಗಳನ್ನು ತಾಸುಗಟ್ಟಲೆ ಬೇಯಿಸಿ, ಮಸಾಲೆ ಹಿಡಿಸಿ, ಸಾಹುಕಾರನೇ ಹುಡುಕಿಕೊಂಡು ಬರುವಂತೆ ಮಾಡಿತು. ಇಜಕಾಯದಲ್ಲೂ ಹೀಗೇ ಇದೆ: ಕರುಳು, ಜಠರಗಳನ್ನು ಮಿಸೊದಲ್ಲಿ ನಿಧಾನ ಕುದಿಸಿದ ಮೊತ್ಸುನಿಕೊಮಿ ಅಲ್ಲಿಯ ಅಚ್ಚುಮೆಚ್ಚು, ಕೋಳಿಯ ಚರ್ಮ, ಗುಂಡಿಗೆ, ಮೆತ್ತನೆಯ ಎಲುಬು ಎಲ್ಲ ಕಡ್ಡಿಗೆ ಚುಚ್ಚಿ ಸುಡುತ್ತಾರೆ. ಬಡವರ ಜಾಣ್ಮೆ ಎರಡೂ ಕಡೆ ಒಂದೇ ತೆರನಾಗಿ ಕೆಲಸ ಮಾಡಿದೆ.

ಪಕ್ಕದಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ನಿಂಬಿಹೋಳು. ಖಾರಕ್ಕೆ ಮೂಗಿನಲ್ಲಿ ನೀರು ಇಳಿಯುವಾಗ ಯಾರೂ ಅವಸರದಲ್ಲಿ ಉಣ್ಣಲಾರರು. ಆ ನಿಧಾನದಲ್ಲೇ ಮಾತು ಹುಟ್ಟಿತು. ವರ್ಕ್‌ಶಾಪಿನ ಫಿಟ್ಟರ್, ಅರಳೆ ಪೇಟೆಯ ಹಮಾಲ, ಲಾರಿ ಡ್ರೈವರ್ ಒಂದೇ ಚಾಪೆಯ ಮೇಲೆ ಕೂತರು. ಮನೆಯಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದ ಮನೆತನಗಳ ಕಾಲೇಜು ಹುಡುಗರು ಮೊದಲ ಸಲ ಮಾಂಸ ತಿಂದದ್ದು ಇಂಥ ಪಡಸಾಲೆಗಳಲ್ಲೇ. ಪಂಕ್ತಿಭೇದ ಇನ್ನೂ ಗಟ್ಟಿಯಾಗಿದ್ದ ದಿನಗಳಲ್ಲಿ ಯಾವ ಭಾಷಣವೂ ಇಲ್ಲದೆ ಆದ ಸಹಪಂಕ್ತಿ ಅದು. ಅದಕ್ಕೆ ಸ್ಮಾರಕವಿಲ್ಲ. ಅಲ್ಲಿ ಒಲೆಯ ಮುಂದೆ ಕೂತ ಹೆಣ್ಣುಮಕ್ಕಳ ಹೆಸರು ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 1884ರ ಧಾರವಾಡ ಸಂಪುಟ ಒಂದೊಂದು ಜಾತಿಯವರೂ ಏನು ಉಣ್ಣುತ್ತಾರೆ, ಏನು ಕುಡಿಯುತ್ತಾರೆ ಎಂದು ಬರೆದಿಟ್ಟಿತು. ಅಡುಗೆ ಮಾಡಿದವಳನ್ನು ಅದೂ ಕೇಳಲಿಲ್ಲ. ಈ ಬೇಸರ ನನ್ನನ್ನು ಬಿಟ್ಟು ಹೋಗುವುದಿಲ್ಲ.

1967ರ ನಂತರ ಬಟ್ಟಲು ಬಂತು. ಪಾನನಿಷೇಧ ಹೋಗಿ ಮೈಸೂರು ಅಬಕಾರಿ ಕಾಯ್ದೆ ಜಾರಿಯಾದ ಮೇಲೆ ಸರಾಯಿ ಅಂಗಡಿಗಳು ಮತ್ತೆ ತೆರೆದವು, ಮತ್ತೆ ಗುತ್ತಿಗೆ, ಮತ್ತೆ ಹರಾಜು. ಸರಾಯಿ ಕುಡಿದವನು ಹಸಿದು ಖಾನಾವಳಿಗೆ ಬಂದ. ಕೆಲವರು ಬರುವಾಗ ಚೀಲದಲ್ಲಿ ಬಾಟ್ಲಿ ತಂದರು. ಹೀಗೆ ಎಡೋದಲ್ಲಿ ಮದ್ಯ ಊಟವನ್ನು ಕರೆತಂದರೆ ಹುಬ್ಬಳ್ಳಿಯಲ್ಲಿ ಊಟ ಮದ್ಯವನ್ನು ಒಳಗೆ ಬಿಟ್ಟುಕೊಂಡಿತು. ಬಿಟ್ಟುಕೊಂಡರೂ ಅದಕ್ಕೆ ಮಿತಿ ಇತ್ತು. ಒಳಗೆ ಮನೆಯ ಮಕ್ಕಳು ಓದುತ್ತಿದ್ದರು, ಅಜ್ಜಿ ಮಲಗಿರುತ್ತಿದ್ದಳು. ದನಿ ಏರಿದರೆ ಅಕ್ಕಾರು ಸೌಟು ಹಿಡಿದೇ ಹೊರಗೆ ಬರುತ್ತಿದ್ದರು. “ಸಾಕ್ರಿ ತಮ್ಮಾ, ಇನ್ನ ಅನ್ನ ಹಾಕ್ತೇನಿ, ಉಂಡ ಏಳ್ರಿ” ಎಂದರೆ ಎಂಥ ಪೈಲ್ವಾನನೂ ಬಾಟ್ಲಿ ಮುಚ್ಚಿ ಅನ್ನಕ್ಕೆ ತಾಟು ಒಡ್ಡುತ್ತಿದ್ದ ಎಂದು ಹಳೆಯ ಗಿರಾಕಿಗಳು ಇಂದಿಗೂ ನೆನೆಯುತ್ತಾರೆ. ಕಾನೂನು ಕಾಯಲಾಗದ ಮಿತಿಯನ್ನು ಒಬ್ಬ ಹೆಣ್ಣುಮಗಳ ಮಾತು ಕಾಯುತ್ತಿತ್ತು. ಸರಾಯಿ ಮಾರಾಟ ರಾಜ್ಯದಲ್ಲಿ ಪೂರ್ತಿ ನಿಂತದ್ದು 2007ರ ಜುಲೈ 1ರಿಂದ. ಧಾರವಾಡದ ಗೋಲಿಬಾರ್ ನಡೆದ ದಿನವೂ ಜುಲೈ 1.

ಈ ಅಡುಗೆಯ ಮೂಲದ ಬಗ್ಗೆ ನಾಗಪುರದವರೊಂದಿಗೆ ಒಂದು ಹಳೆಯ ಜಗಳವಿದೆ. ಅಲ್ಲಿಯೂ ಸಾವಜಿ ಭೋಜನಾಲಯಗಳು ಬೀದಿಬೀದಿಗೆ ಇವೆ, ಅಲ್ಲಿಯ ರಸ್ಸಾ ಕಪ್ಪಗೆ, ಇನ್ನೂ ಖಾರ. ಮೂಲ ನಮ್ಮದು ಎಂದು ಅವರು, ನಮ್ಮದು ಎಂದು ನಾವು. ಈ ಜಗಳದಲ್ಲಿ ನಾನು ಬಹಳ ದಿನ ಹುಬ್ಬಳ್ಳಿಯ ಪರ ವಾದ ಮಾಡಿದವನು. ಈಗ ನನಗೆ ಬೇರೊಂದು ಸಂಗತಿ ದೊಡ್ಡದಾಗಿ ಕಾಣುತ್ತದೆ. ನಾಗಪುರದ ಸಾವಜಿ ಊಟ ಹಲಬಾ ಕೋಷ್ಟಿಗಳದು, ಅವರೂ ನೇಕಾರರೇ. ಟಾಟಾರವರ ಎಂಪ್ರೆಸ್ ಮಿಲ್ ಅಲ್ಲಿ ಶುರುವಾದದ್ದು 1877ರಲ್ಲಿ. ಗಿರಣಿ ಬಂದಲ್ಲಿ ಕೈಮಗ್ಗ ಕುಸಿಯಿತು, ಮಗ್ಗ ಕುಸಿದ ಮನೆಯಲ್ಲಿ ಒಲೆ ದೊಡ್ಡದಾಯಿತು. ಎರಡು ಬೇರೆ ಸಮಾಜಗಳು, ಎರಡು ಊರು, ಒಂದೇ ಸಂಕಟ. ಯಾರೂ ಯಾರಿಂದಲೂ ಕದ್ದದ್ದಲ್ಲ.

ಹಾಗಿದ್ದರೆ ನಮ್ಮ ಖಾನಾವಳಿ ಇಜಕಾಯದಂತೆ ತಲೆ ಎತ್ತಿ ನಡೆಯುವ ಉದ್ಯೋಗ ಏಕಾಗಲಿಲ್ಲ? ಉತ್ತರ ಅಬಕಾರಿ ನಿಯಮಗಳಲ್ಲಿದೆ. ಕೂತು ಕುಡಿಯುವ ಬಾರಿಗೆ ಸಿಎಲ್-9 ಸನ್ನದು ಬೇಕು. 1992ರಿಂದ ಸರ್ಕಾರ ಹೊಸ ಸಿಎಲ್-9 ಕೊಡುವುದನ್ನು ನಿಲ್ಲಿಸಿತು. ಇದ್ದ ಸನ್ನದುಗಳು ಕೈಯಿಂದ ಕೈಗೆ ಕೋಟಿಗಟ್ಟಲೆ ಬೆಲೆಗೆ ಹೋಗತೊಡಗಿದವು. ಪಡಸಾಲೆಯಲ್ಲಿ ಹತ್ತು ಮಂದಿಗೆ ಬಡಿಸುವ ಹೆಣ್ಣುಮಗಳು ಅದನ್ನು ಎಲ್ಲಿಂದ ಕೊಂಡಾಳು? ಸನ್ನದು ಇದ್ದ ಹಣವಂತರು ಸಾವಜಿ ಎಂಬ ಹೆಸರನ್ನು ಎತ್ತಿಕೊಂಡರು. ಸನ್ನದು ಇಲ್ಲದ ಸಾವಜಿ ಮನೆಗಳು ಅಡುಗೆಯಷ್ಟೇ ಉಳಿಸಿಕೊಂಡವು, ಇಲ್ಲವೇ ಕದ್ದು ಮುಚ್ಚಿ ಪೊಲೀಸರ ಭಯದಲ್ಲಿ ನಡೆದವು, ಇಲ್ಲವೇ ಬಾಗಿಲು ಹಾಕಿದವು. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. 2025ರ ಬಜೆಟ್ಟಿನಲ್ಲಿ ಸನ್ನದುಗಳ ಹರಾಜಿನ ಮಾತು ಮತ್ತೆ ಬಂತು. ಹೆಚ್ಚು ಕೂಗಿದವನಿಗೆ ಅಂಗಡಿ ಎಂಬ 1878ರ ಲೆಕ್ಕ ಇನ್ನೂ ಮುಗಿದಿಲ್ಲ.

ಇವತ್ತು ಬೆಂಗಳೂರಿನಿಂದ ಪುಣೆಯವರೆಗೆ ಹೆದ್ದಾರಿಯುದ್ದಕ್ಕೂ ಸಾವಜಿ ಎಂಬ ಬೋರ್ಡು. ಒಳಗೆ ಮಬ್ಬುಗತ್ತಲು, ಗೋಡೆ ತುಂಬ ಟೀವಿ, ಪಕ್ಕದವನ ಮಾತು ಕೇಳದಷ್ಟು ಹಾಡು. ಅಂಥ ಒಂದು ಕಡೆ ನನಗೆ ಬಡಿಸಿದ ರಸ್ಸಾ ಟೊಮ್ಯಾಟೊ ಹಾಕಿ ಗಟ್ಟಿ ಮಾಡಿದ್ದು, ಬಣ್ಣ ಪುಡಿಯದು, ರುಚಿ ಪ್ಯಾಕೆಟ್ಟಿನದು. ಬಡಿಸಿದ ಹುಡುಗನಿಗೆ ಖೈಮಾ ಉಂಡಿ ಎಂದರೇನು ಎಂದೇ ಗೊತ್ತಿರಲಿಲ್ಲ. ನಾಲ್ವರು ಗೆಳೆಯರು ನಾಲ್ಕು ಫೋನು ನೋಡುತ್ತ ಕುಡಿದು ಎದ್ದು ಹೋಗುತ್ತಾರೆ. ಸನ್ನದು ಇರುವ ಈ ಜಾಗಗಳಲ್ಲಿ “ಸಾಕ್ರಿ ತಮ್ಮಾ” ಎನ್ನುವವರು ಯಾರೂ ಇಲ್ಲ. ಹೆಚ್ಚು ಕುಡಿಸುವುದೇ ಅವರ ಕಸಬು. ಜಕಣಿ ಬಾವಿಯ ಮೂವರು ಯಾವ ಅಂಗಡಿಯ ವಿರುದ್ಧ ನಿಂತರೋ ಆ ಅಂಗಡಿಯೇ ಇಂದು ನೇಕಾರರ ಮನೆಯ ಹೆಸರು ಹೊತ್ತು ಕೂತಿರುವುದು ನನಗೆ ಸಹಿಸದು.

ಹುಬ್ಬಳ್ಳಿಯ ಹಳೆಯ ಪೇಟೆಗಳಲ್ಲಿ ಇನ್ನೂ ಕೆಲವು ಮನೆಗಳಿವೆ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ಬಿಸಿ ರೊಟ್ಟಿ ಸಿಗುತ್ತದೆ, ಎರಡೂವರೆಗೆ ಪಾತ್ರೆ ಖಾಲಿ. ಒಲೆಯ ಮುಂದಿನ ಅಕ್ಕಾರು ಈಗ ಅಜ್ಜಿಯರಾಗಿದ್ದಾರೆ. ಮಸಾಲೆಯ ಅಳತೆ ಅವರ ಅಂಗೈಯಲ್ಲಿದೆ, ಕಾಗದದ ಮೇಲಿಲ್ಲ. ಮಕ್ಕಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಎಸ್‌ಎಸ್‌ಕೆ ಸಮಾಜದ ಹಿರಿಯರಲ್ಲಿ, ಇದನ್ನು ಓದುತ್ತಿರುವ ಮೊಮ್ಮಕ್ಕಳಲ್ಲಿ ನನ್ನದೊಂದು ಬೇಡಿಕೆ: ನಿಮ್ಮ ಮನೆಯಲ್ಲಿ ಅಂಥ ಅಜ್ಜಿ ಇದ್ದರೆ ಬರುವ ದಸರೆಯೊಳಗೆ ಅವರ ಪಕ್ಕ ಕೂತು ಮಸಾಲೆಯ ಅಳತೆ, ಪಡಸಾಲೆಯಲ್ಲಿ ಮೊದಲ ಚಾಪೆ ಹಾಸಿದ ವರ್ಷ, ಮೊದಲ ಗಿರಾಕಿಗಳು ಯಾರು ಎಂಬುದನ್ನು ಬರೆದುಕೊಳ್ಳಿ. ಮೇಲೆ ಅವರ ಪೂರ್ತಿ ಹೆಸರು ಹಾಕಿ.